ಅನ್, ಇನ್, ಡಿಸ್, ಮಿಸ್, ನಾನ್: ಇಂಗ್ಲಿಷಿನ ಯಾವ ‘ಇಲ್ಲ’ವನ್ನು ಯಾವ ಪದಕ್ಕೆ ಹಚ್ಚಬೇಕು?

ನನ್ನ ಹತ್ತಿರ ಸಂಜೆ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುವ ಮಕ್ಕಳಲ್ಲಿ ಒಬ್ಬಳು ಬಿ.ಕಾಂ ಮೊದಲ ವರ್ಷದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಒಮ್ಮೆ ಜ್ವರ ಬಂದಾಗ ಕಾಲೇಜಿಗೆ ರಜೆ ಚೀಟಿ ಬರೆದಳು: ‘ಐ ಆಮ್ ಡಿಸೇಬಲ್ ಟು ಅಟೆಂಡ್ ದಿ ಕ್ಲಾಸ್.’ ಅದನ್ನು ಎಲ್ಲರೆದುರು ಓದಿ ನಕ್ಕರಂತೆ. ತಪ್ಪು ಎಲ್ಲಿದೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ನನಗೆ ಇವತ್ತಿಗೂ ಅದು ನೋವಿನ ವಿಷಯ. ಅವಳು ಬಂದು ಕೇಳಿದ ಪ್ರಶ್ನೆ ಮಾತ್ರ ತುಂಬಾ ಚೆನ್ನಾಗಿತ್ತು: ‘ಏಬಲ್‌ಗೆ ಅನ್ ಹಾಕಿದ್ರೂ ಆಗಲ್ಲ ಅಂತಲೇ ಅರ್ಥ, ಡಿಸ್ ಹಾಕಿದ್ರೂ ಆಗಲ್ಲ ಅಂತಲೇ ಅರ್ಥ. ಯಾವುದು ಹಾಕ್ಬೇಕು ಅಂತ ಹೇಗೆ ಗೊತ್ತಾಗುತ್ತೆ?’

ಗೈಡುಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ‘ಆಪೊಸಿಟ್ ವರ್ಡ್ಸ್’ ಅಂತ ಇನ್ನೂರು ಪದಗಳ ಪಟ್ಟಿ ಇರುತ್ತೆ, ಉರು ಹೊಡೆಯಬೇಕು ಅಷ್ಟೆ. ಉರು ಹೊಡೆದದ್ದು ಪರೀಕ್ಷೆ ಮುಗಿದ ವಾರಕ್ಕೆ ಹೋಗಿಬಿಡುತ್ತೆ. ನನಗೆ ಬೇರೆ ದಾರಿ ಸರಿ ಅನ್ನಿಸುತ್ತೆ. ಇದು ಯಾವ ಥರದ ‘ಇಲ್ಲ’ ಅಂತ ಮೊದಲು ಕೇಳಿಕೊಳ್ಳಬೇಕು. ಕನ್ನಡದವರಿಗೆ ಈ ಪ್ರಶ್ನೆ ಹೊಸದಲ್ಲ. ‘ಅವರು ಮೇಷ್ಟ್ರು ಅಲ್ಲ’ ಅನ್ನುವುದಕ್ಕೂ ‘ಮನೆಯಲ್ಲಿ ಮೇಷ್ಟ್ರು ಇಲ್ಲ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತು. ಅಲ್ಲ, ಇಲ್ಲ, ಬೇಡ, ಕೂಡದು, ಒಲ್ಲೆ – ಇಷ್ಟು ಬಗೆಯ ನಿರಾಕರಣೆಯನ್ನು ಒಂದು ದಿನವೂ ತಪ್ಪದೆ ಬಳಸುವವರು ನಾವು. ಇಂಗ್ಲಿಷಿನ ಐದಾರು ನಮಗೆ ಕಷ್ಟ ಆಗಬೇಕಿಲ್ಲ.

ಮೊದಲು ‘ಅನ್’

ಒಂದೇ ಒಂದನ್ನು ಕಲಿಯಲು ಸಮಯ ಇದೆ ಅಂದರೆ ‘ಅನ್’ ಕಲಿಯಿರಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಡೆ ಒಗ್ಗುವುದು ಇದೇ. ಅನ್‌ಹ್ಯಾಪಿ, ಅನ್‌ಕೈಂಡ್, ಅನ್‌ಲಕಿ, ಅನ್‌ಫೇರ್, ಅನ್‌ಸರ್ಟನ್. ನಾವು ದಿನಾ ಆಡುವ ಅನ್‌ಫಿಟ್, ಅನ್‌ಲಿಮಿಟೆಡ್, ರೈಲಿನ ಅನ್‌ರಿಸರ್ವ್ಡ್ ಬೋಗಿ ಎಲ್ಲದರಲ್ಲೂ ಇದೆ. ‘-ಎಡ್’, ‘-ಇಂಗ್’ನಲ್ಲಿ ಮುಗಿಯುವ ಗುಣಪದಗಳಿಗೆ ಕಣ್ಣು ಮುಚ್ಚಿ ಅನ್ ಹಾಕಿದರೂ ಬಹುತೇಕ ಸರಿ ಇರುತ್ತೆ: ಅನ್‌ಇನ್ವೈಟೆಡ್, ಅನ್‌ಮ್ಯಾರೀಡ್, ಅನ್‌ಎಂಡಿಂಗ್.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಈ ‘ಅನ್’ ನಮ್ಮ ಬಾಯಲ್ಲಿ ಆಗಲೇ ಇದೆ. ಅರ್ಹ – ಅನರ್ಹ, ಉಚಿತ – ಅನುಚಿತ, ಆರೋಗ್ಯ – ಅನಾರೋಗ್ಯ. ಸ್ವರದ ಮುಂದೆ ‘ಅನ್’, ವ್ಯಂಜನದ ಮುಂದೆ ಬರೀ ‘ಅ’: ಸತ್ಯ – ಅಸತ್ಯ, ನ್ಯಾಯ – ಅನ್ಯಾಯ. ಇದು ಕಾಕತಾಳೀಯ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಬೇರು ಇರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಮುಂದೆ ಭಾಷಾತಜ್ಞರು ಅದನ್ನು ವಿವರವಾಗಿ ತೋರಿಸಿದರು. ಇಂಗ್ಲಿಷಿನ ‘ಅನ್’, ಲ್ಯಾಟಿನ್ನಿನ ‘ಇನ್’, ಗ್ರೀಕಿನ ‘ಅ/ಅನ್’, ಸಂಸ್ಕೃತದ ‘ಅ/ಅನ್’ – ನಾಲ್ಕೂ ಅಕ್ಕತಂಗಿಯರು. ಕನ್ನಡ ಬೇರೆ ಕುಟುಂಬದ ಭಾಷೆ. ಆದರೆ ಸಂಸ್ಕೃತದ ಪದಗಳ ಜೊತೆ ಈ ಅಕ್ಷರವೂ ನಮ್ಮ ಮನೆಗೆ ಬಂತು. ಅನೀಮಿಯ ಅನ್ನುವುದರಲ್ಲಿರುವುದು ಗ್ರೀಕಿನ ‘ಅನ್’, ರಕ್ತ ಇಲ್ಲ ಅಂತ ಅರ್ಥ. ಅನಾನಿಮಸ್ ಅಂದರೆ ಹೆಸರಿಲ್ಲದ. ಆಟಮ್ ಅಂದರೆ ಕತ್ತರಿಸಲು ಆಗದ್ದು.

ಒಂದು ಎಚ್ಚರ. ಅನ್ ಸಾಮಾನ್ಯವಾಗಿ ಒಳ್ಳೆಯ ಗುಣದ ಪದಕ್ಕೆ ಅಂಟುತ್ತದೆ, ಕೆಟ್ಟ ಗುಣದ ಪದಕ್ಕೆ ಅಂಟುವುದಿಲ್ಲ. ಅನ್‌ಹ್ಯಾಪಿ ಇದೆ, ಅನ್‌ಸ್ಯಾಡ್ ಇಲ್ಲ. ಅನ್‌ಕ್ಲೀನ್ ಇದೆ, ಅನ್‌ಡರ್ಟಿ ಇಲ್ಲ. ಅನ್‌ಕೈಂಡ್ ಇದೆ, ಅನ್‌ಕ್ರೂಯಲ್ ಇಲ್ಲ. ನಾವೂ ಅಷ್ಟೇ ಅಲ್ವಾ? ಅಶುಚಿ ಅನ್ನುತ್ತೇವೆ, ‘ಅಕೊಳಕು’ ಅನ್ನುವುದಿಲ್ಲ.

ಕ್ರಿಯಾಪದಕ್ಕೆ ಹಚ್ಚುವ ‘ಅನ್’ ಬೇರೆಯದೇ

ಅನ್‌ಲಾಕ್, ಅನ್‌ಲೋಡ್, ಅನ್‌ಟೈ, ಅನ್‌ಪ್ಯಾಕ್, ಅನ್‌ಡೂ. ಇಲ್ಲಿರುವ ಅನ್ ಕೇಳಲು ಮೊದಲಿನದರ ಹಾಗೇ ಇದೆ. ಆದರೆ ಇದರ ಮೂಲ ಬೇರೆ, ಕೆಲಸವೂ ಬೇರೆ. ಇದರ ಅರ್ಥ ‘ಇಲ್ಲ’ ಅಂತ ಅಲ್ಲ, ಮಾಡಿದ್ದನ್ನು ವಾಪಸ್ ಮಾಡು ಅಂತ. ಅನ್‌ಲಾಕ್ ಅಂದರೆ ಬೀಗ ಹಾಕದೆ ಇರುವುದಲ್ಲ, ಹಾಕಿದ ಬೀಗ ತೆಗೆಯುವುದು. ಕನ್ನಡದಲ್ಲಿ ಇಂಥ ಕಡೆ ನಾವು ಬೇರೆ ಪದವನ್ನೇ ಇಟ್ಟುಕೊಂಡಿದ್ದೇವೆ. ಕಟ್ಟು – ಬಿಚ್ಚು, ಮಡಚು – ಬಿಡಿಸು, ಮೂಟೆ ಹೇರು – ಇಳಿಸು. ಇಂಗ್ಲಿಷ್ ಈ ಎಲ್ಲದಕ್ಕೂ ಒಂದು ಅನ್ ಹಚ್ಚಿ ಕೆಲಸ ಮುಗಿಸುತ್ತದೆ.

ಅದಕ್ಕೇ ವಾಪಸ್ ಮಾಡಲು ಆಗದ ಕ್ರಿಯೆಗೆ ಇದು ಹೊಂದುವುದಿಲ್ಲ. ತಿಂದದ್ದನ್ನು ‘ಅನ್‌ಈಟ್’ ಮಾಡಲು ಆಗುತ್ತಾ? ‘ಅನ್‌ಗೋ’, ‘ಅನ್‌ಸಿಟ್’ ಅಂತ ಬರೆಯುವ ಮಕ್ಕಳಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಆ ಜಾಗದಲ್ಲಿ ‘ಬಿಚ್ಚು, ತೆಗೆ, ಇಳಿಸು, ರದ್ದು ಮಾಡು’ ಹೊಂದುತ್ತಾ ನೋಡಿ, ಹೊಂದಿದರೆ ಮಾತ್ರ ಅನ್ ಹಾಕಿ. ಫೋನಿನ ಕಾಲದಲ್ಲಿ ಈ ಅನ್‌ಗೆ ಹೊಸ ಜೀವ ಬಂದಿದೆ. ಅನ್‌ಫಾಲೋ, ಅನ್‌ಇನ್‌ಸ್ಟಾಲ್, ಅನ್‌ಮ್ಯೂಟ್ ಎಲ್ಲವೂ ಇದರವೇ. ಅಮೆರಿಕದ ಆಕ್ಸ್‌ಫರ್ಡ್ ನಿಘಂಟು 2009ರ ವರ್ಷದ ಪದ ಅಂತ ಆರಿಸಿದ್ದು ‘ಅನ್‌ಫ್ರೆಂಡ್’ ಅನ್ನೋ ಕ್ರಿಯಾಪದವನ್ನು.

ಎರಡು ಅನ್‌ಗಳು ಒಂದೇ ಪದದಲ್ಲಿ ಡಿಕ್ಕಿ ಹೊಡೆಯುವುದೂ ಉಂಟು. ‘ಅನ್‌ಲಾಕಬಲ್ ಡೋರ್’ ಅಂದರೆ ಬೀಗ ತೆಗೆಯಬಹುದಾದ ಬಾಗಿಲೂ ಆಗಬಹುದು, ಬೀಗ ಹಾಕಲು ಬರದ ಬಾಗಿಲೂ ಆಗಬಹುದು. ಇದನ್ನು ಬೋರ್ಡಿನ ಮೇಲೆ ಬರೆದು ಕೇಳಿ. ಮಕ್ಕಳು ಅರ್ಧ ಗಂಟೆ ಜಗಳ ಆಡುತ್ತಾರೆ. ಎರಡು ಅನ್ ಇವೆ ಅನ್ನುವುದು ಆಮೇಲೆ ಮರೆಯುವುದಿಲ್ಲ.

‘ಇನ್’: ಅನುಸ್ವಾರ ಗೊತ್ತಿದ್ದವರಿಗೆ ಸುಲಭ

ಇನ್‌ಕರೆಕ್ಟ್, ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಗೈಡುಗಳು ಇವನ್ನು ನಾಲ್ಕು ಬೇರೆ ಬೇರೆ ನಿಯಮ ಅಂತ ಹೇಳಿ ಮಕ್ಕಳನ್ನು ಹೆದರಿಸುತ್ತವೆ. ಇರುವುದು ಒಂದೇ ‘ಇನ್’. ಮುಂದಿನ ಅಕ್ಷರ ನೋಡಿ ಅದು ತನ್ನ ದನಿ ಬದಲಾಯಿಸುತ್ತದೆ.

ಈ ಐದು ಪದ ಜೋರಾಗಿ ಓದಿ: ಅಂಕ, ಅಂಚು, ಅಂಟು, ಅಂದ, ಅಂಬು. ಬರೆಯುವುದು ಒಂದೇ ಸೊನ್ನೆ, ಆದರೆ ‘ಅಂದ’ದಲ್ಲಿ ನಾಲಿಗೆ ಹಲ್ಲಿಗೆ ತಾಗಿ ‘ನ್’ ಆಯಿತು, ‘ಅಂಬು’ವಿನಲ್ಲಿ ತುಟಿ ಮುಚ್ಚಿ ‘ಮ್’ ಆಯಿತು. ‘ಪ’ ವರ್ಗದ ಮುಂದೆ ತುಟಿ ಮುಚ್ಚಲೇಬೇಕು. ಇಂಗ್ಲಿಷಿನ ಇನ್ ಮಾಡುವುದೂ ಅದನ್ನೇ. ಪಿ, ಬಿ, ಎಂ ಅಕ್ಷರಗಳ ಮುಂದೆ ಅದು ‘ಇಮ್’ ಆಗುತ್ತೆ: ಇಂಪೊಲೈಟ್, ಇಂಬ್ಯಾಲೆನ್ಸ್, ಇಮ್ಮೆಚ್ಯೂರ್. ಕನ್ನಡದಲ್ಲಿ ಇಂಡಿಪೆಂಡೆಂಟ್, ಇಂಪಾಸಿಬಲ್ ಎರಡನ್ನೂ ‘ಇಂ’ ಅಂತಲೇ ಬರೆಯುತ್ತೇವೆ, ಓದುವಾಗ ಸರಿಯಾಗೇ ಓದುತ್ತೇವೆ. ಬಾಯಿಗೆ ನಿಯಮ ಬಂದಾಯಿತು. ಬಾಕಿ ಇರುವುದು ಇಂಗ್ಲಿಷಿನಲ್ಲಿ ಬರೆಯುವಾಗ ಎನ್ ಬದಲು ಎಂ ಹಾಕುವ ನೆನಪು ಅಷ್ಟೇ.

ಎಲ್ ಮುಂದೆ ‘ಇಲ್’. ಇದೂ ನಮಗೆ ಗೊತ್ತಿರುವುದೇ. ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗುತ್ತೆ, ತತ್ ಮತ್ತು ಲೀನ ಸೇರಿ ತಲ್ಲೀನ ಆಗುತ್ತೆ. ಹಾಗೇ ಇಲ್ಲಾಜಿಕಲ್, ಇಲ್ಲಿಟರೇಟ್. ಇಲ್ಲೀಗಲ್ ಅಂದಾಗ ಕನ್ನಡದ ‘ಇಲ್ಲ’ ಕಿವಿಗೆ ಕೇಳಿಸುತ್ತೆ. ಎರಡಕ್ಕೂ ಸಂಬಂಧ ಏನೂ ಇಲ್ಲ, ಆದರೆ ನೆನಪು ಇಟ್ಟುಕೊಳ್ಳಲು ಒಳ್ಳೆಯ ಗುರುತು. ಆರ್ ಮುಂದೆ ‘ಇರ್’: ಇರ್ರೆಸ್ಪಾನ್ಸಿಬಲ್, ಇರ್ರೆಲೆವೆಂಟ್.

ಅನ್ ಹಾಕಲೋ, ಇನ್ ಹಾಕಲೋ?

ಎಲ್ಲರೂ ಎಡವುವುದು ಇಲ್ಲೇ. ಅರ್ಥದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ, ಅದಕ್ಕೇ ಗೊಂದಲ ಜಾಸ್ತಿ. ವ್ಯತ್ಯಾಸ ಇರುವುದು ಮನೆತನದಲ್ಲಿ. ಅನ್ ಇಂಗ್ಲಿಷಿನ ಮನೆಮಗಳು. ಇನ್ ಲ್ಯಾಟಿನ್ನಿನಿಂದ ಬಂದ ಸೊಸೆ, ತವರಿನ ಪದಗಳ ಜೊತೆ ಮಾತ್ರ ಸಲೀಸು.

ಒಂದೇ ಅರ್ಥದ ಜೋಡಿಗಳನ್ನು ಪಕ್ಕ ಪಕ್ಕ ಇಟ್ಟರೆ ಇದು ಚೆನ್ನಾಗಿ ಕಾಣುತ್ತೆ. ನಂಬಲಾಗದ್ದು ಅನ್‌ಬಿಲೀವಬಲ್, ಅದೇ ಲ್ಯಾಟಿನ್ ಬೇರಿನ ಪದವಾದರೆ ಇನ್‌ಕ್ರೆಡಿಬಲ್. ಓದಲಾಗದ್ದು ಅನ್‌ರೀಡಬಲ್, ಇಲ್ಲೆಜಿಬಲ್. ತಿನ್ನಲಾಗದ್ದು ಅನ್‌ಈಟಬಲ್, ಇನ್‌ಎಡಿಬಲ್. ಕಾಣದ್ದು ಅನ್‌ಸೀನ್, ಇನ್‌ವಿಸಿಬಲ್. ಬಿಲೀವ್, ರೀಡ್, ಈಟ್, ಸೀ ಎಲ್ಲ ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಅಚ್ಚ ಇಂಗ್ಲಿಷ್ ಪದಗಳು. ಅವಕ್ಕೆ ಅನ್. ಕ್ರೆಡಿಬಲ್, ಲೆಜಿಬಲ್, ಎಡಿಬಲ್ ಸ್ವಲ್ಪ ಪುಸ್ತಕದ ಪದಗಳು. ಅವಕ್ಕೆ ಇನ್. ನಮ್ಮಲ್ಲೂ ‘ಕಾಣದ’ ಅಂತ ಒಂದು, ‘ಅದೃಶ್ಯ’ ಅಂತ ಒಂದು ಇಲ್ವಾ? ಹಾಗೇ.

ಕನ್ನಡ ವ್ಯಾಕರಣದಲ್ಲಿ ಅರಿಸಮಾಸ ಅಂತ ಓದಿದ್ದೇವೆ. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಗಂಟು ಹಾಕಿದರೆ ಹಳೆಯ ವೈಯಾಕರಣರು ಒಪ್ಪುತ್ತಿರಲಿಲ್ಲ. ಇನ್‌ಗೂ ಇದೇ ಮಡಿ. ಇನ್‌ಹ್ಯಾಪಿ, ಇನ್‌ಲಕಿ ಅಂತ ಯಾವತ್ತೂ ಆಗುವುದಿಲ್ಲ. ಅನ್‌ಗೆ ಆ ಮಡಿ ಇಲ್ಲ, ಅದು ಹೊರಗಿನ ಪದಗಳ ಜೊತೆಗೂ ಸಂಸಾರ ಮಾಡುತ್ತದೆ: ಅನ್‌ಪಾಪ್ಯುಲರ್, ಅನ್‌ಇಂಪಾರ್ಟೆಂಟ್. ಹಾಗಾಗಿ ಎರಡರಲ್ಲಿ ಯಾವುದು ಅಂತ ನಿಜಕ್ಕೂ ತೋಚದಿದ್ದಾಗ ಅನ್ ಆರಿಸಿ, ತಪ್ಪುವ ಸಾಧ್ಯತೆ ಕಡಿಮೆ. ‘-ಇಬಲ್’ನಲ್ಲಿ ಮುಗಿದರೆ ಮಾತ್ರ ಇನ್ ಕಡೆ ವಾಲಿ. ಪದ ಎಲ್ ಅಥವಾ ಆರ್‌ನಿಂದ ಶುರುವಾಗುತ್ತೆ ಅಂತ ಮಾತ್ರಕ್ಕೆ ಇಲ್, ಇರ್ ಹಾಕಿಬಿಡಬೇಡಿ. ಅನ್‌ಲಾಫುಲ್, ಅನ್‌ರಿಯಲ್, ಅನ್‌ರಿಲಯಬಲ್ ಎಲ್ಲ ಇವೆ. ಲೀಗಲ್‌ಗೆ ಇಲ್, ಲಾಫುಲ್‌ಗೆ ಅನ್. ಎರಡರ ಅರ್ಥವೂ ಕಾನೂನಿಗೆ ಒಪ್ಪಿದ್ದು ಅಂತಲೇ, ಮನೆತನ ಬೇರೆ.

ಗುಣಪದ ನಾಮಪದ ಆದಾಗ ಇನ್ನೊಂದು ತಿರುವು ಇದೆ. ಇದನ್ನು ಯಾಕೋ ಶಾಲೆಗಳಲ್ಲಿ ಹೇಳಿಕೊಡುವುದೇ ಕಡಿಮೆ. ಅನೇಬಲ್ ಸರಿ, ಆದರೆ ನಾಮಪದ ಇನ್‌ಎಬಿಲಿಟಿ. ಅನ್‌ಈಕ್ವಲ್, ಇನ್‌ಈಕ್ವಾಲಿಟಿ. ಅನ್‌ಜಸ್ಟ್, ಇನ್‌ಜಸ್ಟಿಸ್. ಅನ್‌ಸ್ಟೇಬಲ್, ಇನ್‌ಸ್ಟೆಬಿಲಿಟಿ. ಅನ್‌ಗ್ರೇಟ್‌ಫುಲ್, ಇನ್‌ಗ್ರಾಟಿಟ್ಯೂಡ್. ‘-ನೆಸ್’ ಅಚ್ಚ ಇಂಗ್ಲಿಷ್ ಬಾಲ, ಅದರ ಜೊತೆ ಅನ್ ಹಾಗೇ ಉಳಿಯುತ್ತೆ: ಅನ್‌ಹ್ಯಾಪಿನೆಸ್, ಅನ್‌ಕೈಂಡ್‌ನೆಸ್. ‘-ಇಟಿ’ ಲ್ಯಾಟಿನ್ ಕಡೆಯ ಬಾಲ, ಅದು ಬಂದಾಗ ತಲೆಯೂ ಹಲವು ಸಲ ಇನ್ ಆಗುತ್ತೆ. ಅಪವಾದ ಇವೆ. ನಮ್ಮ ಸಂವಿಧಾನದ 17ನೇ ವಿಧಿ ರದ್ದು ಮಾಡಿದ ಅಸ್ಪೃಶ್ಯತೆಗೆ ಇಂಗ್ಲಿಷಿನಲ್ಲಿ ಇರುವುದು ‘ಅನ್‌ಟಚಬಿಲಿಟಿ’. ಅಲ್ಲಿ ಬಾಲ ಇಟಿ ಆದರೂ ತಲೆ ಅನ್.

‘ಡಿಸ್’: ಇದ್ದದ್ದು ಹೋಯಿತು, ಅಥವಾ ಎದುರು ನಿಂತಿತು

ಡಿಸ್‌ಕನೆಕ್ಟ್, ಡಿಸಪಿಯರ್, ಡಿಸ್‌ಅಗ್ರೀ, ಡಿಸ್‌ಒಬೇ. ಡಿಸ್ ಹೆಚ್ಚಾಗಿ ಕ್ರಿಯಾಪದದ ಗೆಳೆಯ. ಇದರಲ್ಲಿ ಸುಮ್ನೆ ‘ಇಲ್ಲ’ ಇರುವುದಿಲ್ಲ, ಏನೋ ಒಂದು ಕ್ರಿಯೆ ನಡೆದಿರುತ್ತೆ. ಇದ್ದದ್ದನ್ನು ಕಿತ್ತುಹಾಕಿದ್ದು, ಕಡಿದುಹಾಕಿದ್ದು, ಇಲ್ಲವೇ ಎದುರು ನಿಂತದ್ದು.

2019ರಲ್ಲಿ ನಮ್ಮ ವಿಧಾನಸಭೆಯ ಸ್ಪೀಕರ್ 17 ಶಾಸಕರನ್ನು ಅನರ್ಹ ಮಾಡಿದರು. ತಿಂಗಳುಗಟ್ಟಲೆ ಟಿವಿಯಲ್ಲಿ ‘ಅನರ್ಹ ಶಾಸಕರು’ ಅನ್ನುವ ಪದ ಕೇಳಿದೆವು. ಇಂಗ್ಲಿಷ್ ಪೇಪರುಗಳು ಬರೆದದ್ದು ‘ಡಿಸ್‌ಕ್ವಾಲಿಫೈಡ್’ ಅಂತ. ಅನ್‌ಕ್ವಾಲಿಫೈಡ್ ಅಂತ ಯಾರೂ ಬರೆಯಲಿಲ್ಲ. ಯಾಕೆ? ಅನ್‌ಕ್ವಾಲಿಫೈಡ್ ಅಂದರೆ ಅರ್ಹತೆ ಮೊದಲಿನಿಂದಲೇ ಇಲ್ಲ. ಡಿಸ್‌ಕ್ವಾಲಿಫೈಡ್ ಅಂದರೆ ಅರ್ಹತೆ ಇತ್ತು, ಅದನ್ನು ಕಿತ್ತುಕೊಂಡರು. ಓದದೆ ಔಷಧಿ ಕೊಡುವ ನಕಲಿ ವೈದ್ಯ ಅನ್‌ಕ್ವಾಲಿಫೈಡ್. ಓಟದಲ್ಲಿ ಗೆರೆ ದಾಟಿ ಹೊರಬಿದ್ದ ಓಟಗಾರ ಡಿಸ್‌ಕ್ವಾಲಿಫೈಡ್. ಕನ್ನಡದ ‘ಅನರ್ಹ’ ಈ ಎರಡಕ್ಕೂ ಸಲ್ಲುತ್ತದೆ, ಅದಕ್ಕೇ ಇಂಗ್ಲಿಷಿಗೆ ಹೋಗುವಾಗ ಒಂದು ಕ್ಷಣ ನಿಂತು ಯೋಚಿಸಬೇಕು. ಕಾಮರ್ಸ್ ಓದುವವರಿಗೆ ಇನ್ನೊಂದು ಮಾತು: ಆಡಿಟರ್ ಕೊಡುವ ‘ಅನ್‌ಕ್ವಾಲಿಫೈಡ್’ ವರದಿ ಕೆಟ್ಟದ್ದಲ್ಲ, ಅದೇ ಒಳ್ಳೆಯದು. ಅಲ್ಲಿ ಅದರ ಅರ್ಥ ಯಾವ ಷರತ್ತೂ ತಕರಾರೂ ಇಲ್ಲದ್ದು ಅಂತ.

ಈಗ ಆ ರಜೆ ಚೀಟಿಗೆ ಬರೋಣ. ಡಿಸೇಬಲ್ ಒಂದು ಕ್ರಿಯಾಪದ, ಶಕ್ತಿ ಕುಂದಿಸು ಅಂತ ಅರ್ಥ. ಫೋನಿನಲ್ಲಿ ನೋಟಿಫಿಕೇಶನ್ ಡಿಸೇಬಲ್ ಮಾಡುತ್ತೇವಲ್ಲ, ಅದು. ಡಿಸೇಬಲ್ಡ್ ಅನ್ನುವುದನ್ನು ಅಂಗವೈಕಲ್ಯ ಇರುವವರ ಬಗ್ಗೆ ಹೇಳುತ್ತಾರೆ. 2016ರಲ್ಲಿ ಬಂದ ಅವರ ಹಕ್ಕುಗಳ ಕಾಯ್ದೆಯ ಹೆಸರಿನಲ್ಲೂ ‘ಡಿಸೆಬಿಲಿಟೀಸ್’ ಅಂತಲೇ ಇದೆ. ಜ್ವರ ಬಂದು ಇವತ್ತು ಬರಲಾಗುತ್ತಿಲ್ಲ ಅನ್ನುವುದಕ್ಕೆ ಅನೇಬಲ್. ಅದರ ನಾಮಪದ ಇನ್‌ಎಬಿಲಿಟಿ. ಆ ಹುಡುಗಿಗೆ ಇಷ್ಟು ಹೇಳಲು ಎರಡು ನಿಮಿಷ ಸಾಕಾಯಿತು.

ಬಳಕೆಯ ಮೂರು ಪದಗಳಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತೆ. ಅಂಗಡಿಯಿಂದ ತಂದು ಹಾಗೇ ಇಟ್ಟ ನೋಟ್‌ಬುಕ್ ಅನ್‌ಯೂಸ್ಡ್. ಊರಾಚೆಯ ಪಾಳು ಬಾವಿ ಡಿಸ್‌ಯೂಸ್ಡ್, ಒಂದು ಕಾಲದಲ್ಲಿ ಊರಿಗೆಲ್ಲ ನೀರು ಕೊಟ್ಟದ್ದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯೂ ಡಿಸ್‌ಯೂಸ್ಡ್ ಮೈನ್. ಇನ್ನು ಆಫೀಸಿನ ಜೀಪನ್ನು ಮದುವೆ ಮನೆಗೆ ಓಡಿಸಿದರೆ ಅದು ಮಿಸ್‌ಯೂಸ್ಡ್.

‘ಮಿಸ್’: ಆಗಿದೆ, ಆದರೆ ತಪ್ಪಾಗಿ

ಇದು ಅತಿ ಸುಲಭ. ಮಿಸ್‌ನಲ್ಲಿ ‘ಇಲ್ಲ’ ಇಲ್ಲವೇ ಇಲ್ಲ. ಕೆಲಸ ನಡೆದಿದೆ, ಕೆಟ್ಟದಾಗಿ ನಡೆದಿದೆ. ಕನ್ನಡದ ‘ದುರ್’ ಮತ್ತು ‘ಅಪ’ ಇದರ ಜಾಗದಲ್ಲಿ ಚೆನ್ನಾಗಿ ಕೂರುತ್ತವೆ. ಮಿಸ್‌ಯೂಸ್ ದುರುಪಯೋಗ, ಮಿಸ್‌ಫಾರ್ಚೂನ್ ದುರದೃಷ್ಟ, ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಅಪಾರ್ಥ. ‘ಮಿಸ್ ಕಾಲ್’ ಮಾತ್ರ ಈ ಗುಂಪಿನದಲ್ಲ. ಅದು ‘ಮಿಸ್ಡ್ ಕಾಲ್’, ಕೈತಪ್ಪಿದ ಕರೆ.

ಮಿಸ್‌ಇನ್‌ಫರ್ಮೇಶನ್, ಡಿಸ್‌ಇನ್‌ಫರ್ಮೇಶನ್ ಎರಡೂ ಈಗ ದಿನಾ ಪೇಪರಿನಲ್ಲಿ ಬರುತ್ತಿವೆ. ನಿಮ್ಮ ದೊಡ್ಡಪ್ಪ ನಿಜ ಅಂತಲೇ ನಂಬಿ ಒಂದು ಸುಳ್ಳು ಮೆಸೇಜನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಅದು ಮಿಸ್. ಸುಳ್ಳು ಅಂತ ಗೊತ್ತಿದ್ದೇ ಅದನ್ನು ತಯಾರು ಮಾಡಿ ಬಿಟ್ಟವನದು ಡಿಸ್. ಮಿಸ್‌ನಲ್ಲಿ ತಪ್ಪು ಇದೆ, ಡಿಸ್‌ನಲ್ಲಿ ಉದ್ದೇಶ ಇದೆ.

‘ನಾನ್’: ಬರೀ ‘ಅಲ್ಲ’

ನಾನ್-ವೆಜ್, ನಾನ್-ಸ್ಟಾಪ್ ಬಸ್, ನಾನ್-ಎಸಿ. ನಾನ್ ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಸಾಮಾನನ್ನು ಎರಡು ಡಬ್ಬಿಗೆ ವಿಂಗಡಿಸುತ್ತದೆ: ಇದು ಆ ಜಾತಿಯದು, ಇದು ಅಲ್ಲ. ಅನ್‌ನಲ್ಲಿ ಹಲವು ಸಲ ಒಂದು ತೀರ್ಪು ಅಡಗಿರುತ್ತೆ. ಮನೆಯಲ್ಲಿ ಖುಷಿಗೆ ಹಾಡುವವರು ನಾನ್-ಪ್ರೊಫೆಷನಲ್. ಅಡ್ವಾನ್ಸ್ ತೆಗೆದುಕೊಂಡು ಕಾರ್ಯಕ್ರಮಕ್ಕೆ ಬಾರದ ಗಾಯಕ ಅನ್‌ಪ್ರೊಫೆಷನಲ್. ಪ್ರಾಣಿ ಪಕ್ಷಿಗಳು ನಾನ್-ಹ್ಯೂಮನ್, ಆದರೆ ಮನುಷ್ಯ ಮನುಷ್ಯನಿಗೆ ಕೊಡುವ ಚಿತ್ರಹಿಂಸೆ ಇನ್‌ಹ್ಯೂಮನ್.

ನಾನ್‌ಗೂ ಡಿಸ್‌ಗೂ ಇರುವ ವ್ಯತ್ಯಾಸಕ್ಕೆ ನನಗೆ ಸಿಕ್ಕ ಅತಿ ಒಳ್ಳೆಯ ಉದಾಹರಣೆ ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿದೆ. 1920ರಲ್ಲಿ ಗಾಂಧೀಜಿ ಶುರು ಮಾಡಿದ್ದು ಅಸಹಕಾರ ಚಳವಳಿ, ‘ನಾನ್-ಕೋಆಪರೇಶನ್’. 1930ರಲ್ಲಿ ನಡೆದದ್ದು ಕಾನೂನುಭಂಗ ಚಳವಳಿ, ‘ಸಿವಿಲ್ ಡಿಸ್‌ಒಬೀಡಿಯೆನ್ಸ್’. ಮೊದಲನೆಯದರಲ್ಲಿ ಜನ ಸರ್ಕಾರಿ ಶಾಲೆ, ಕೋರ್ಟು, ಬಿರುದುಗಳಿಂದ ದೂರ ಸರಿದರು. ‘ನಿಮ್ಮ ಜೊತೆ ನಾವಿಲ್ಲ’ ಅಂದರು. ಅದು ನಾನ್. ಎರಡನೆಯದರಲ್ಲಿ ದಂಡಿಯಲ್ಲಿ, ನಮ್ಮ ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ತಯಾರಿಸಿ ಕಾನೂನನ್ನು ಬೇಕಂತಲೇ ಮುರಿದರು. ಅದು ಡಿಸ್. ದೂರ ಸರಿಯುವುದು ಬೇರೆ, ಎದುರು ನಿಂತು ಮೀರುವುದು ಬೇರೆ. ಪದ ಆರಿಸಿದವರು ಅದನ್ನು ಸರಿಯಾಗಿ ಅರಿತಿದ್ದರು. ಇದೇ ಜಾಗದಲ್ಲಿ ‘ಅನ್‌ಕೋಆಪರೇಟಿವ್’ ಅಂದಿದ್ದರೆ ಮುಖ ಗಂಟು ಹಾಕಿಕೊಂಡು ಕೆಲಸ ಮಾಡದವನ ಚಿತ್ರ ಬರುತ್ತಿತ್ತು.

ಗ್ರೀಕಿನ ‘ಎ’ ಕೂಡ ನಾನ್ ಹಾಗೆ ತೀರ್ಪು ಕೊಡದೆ ಇರಬಲ್ಲದು. ಪಕ್ಕದ ಹೊಲಕ್ಕೆ ನುಗ್ಗಿ ಮೇಯ್ದ ಹಸು ‘ಎಮಾರಲ್’, ಅದಕ್ಕೆ ಸರಿ ತಪ್ಪಿನ ಲೆಕ್ಕವೇ ಇಲ್ಲ. ರಾತ್ರಿ ಹೊತ್ತು ಬೇಕಂತಲೇ ಅದನ್ನು ಅಲ್ಲಿಗೆ ಅಟ್ಟಿದ ಯಜಮಾನ ‘ಇಮ್ಮಾರಲ್’.

ಪರೀಕ್ಷೆಗಳಲ್ಲಿ ಕೇಳುವ ಇನ್ನೊಂದು ಜೋಡಿ ಹೇಳಿಬಿಡುತ್ತೇನೆ. ಅನ್‌ಇಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದವರು. ಡಿಸ್‌ಇಂಟರೆಸ್ಟೆಡ್ ಅಂದರೆ ಆ ವಿಷಯದಲ್ಲಿ ತಮ್ಮ ಲಾಭ ನಷ್ಟ ಏನೂ ಇಲ್ಲದವರು. ಜಡ್ಜ್ ಡಿಸ್‌ಇಂಟರೆಸ್ಟೆಡ್ ಆಗಿರಬೇಕು, ಅನ್‌ಇಂಟರೆಸ್ಟೆಡ್ ಆದರೆ ಕಷ್ಟ. ಈಗ ಇಂಗ್ಲಿಷಿನವರೇ ಎಷ್ಟೋ ಜನ ಎರಡನ್ನೂ ಕಲಸಿ ಬಳಸುತ್ತಾರೆ, ಆದರೂ ಈ ವ್ಯತ್ಯಾಸ ಉಳಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮೋಸ ಮಾಡುವ ಪದಗಳು

ಇನ್ ಕಂಡಲ್ಲೆಲ್ಲ ‘ಇಲ್ಲ’ ಅಂದುಕೊಳ್ಳಬೇಡಿ. ಇನ್‌ಕಮ್, ಇಂಪೋರ್ಟ್‌ಗಳಲ್ಲಿ ಇರುವುದು ‘ಒಳಗೆ’ ಅನ್ನುವ ಇನ್. ಅತಿ ಅಪಾಯದ್ದು ‘ಇನ್‌ಫ್ಲೇಮಬಲ್’. ಪೆಟ್ರೋಲ್ ಟ್ಯಾಂಕರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಬೆಂಕಿ ಹತ್ತುವುದಿಲ್ಲ ಅಂತ ಅಲ್ಲ, ಬೇಗ ಹತ್ತುತ್ತದೆ ಅಂತ! ಈ ಗೊಂದಲ ಪ್ರಾಣಕ್ಕೇ ಕುತ್ತು ತರಬಹುದು ಅಂತ ಅಮೆರಿಕದ ಅಗ್ನಿ ಸುರಕ್ಷತೆಯ ಸಂಘ 1920ರ ದಶಕದಲ್ಲೇ ‘ಫ್ಲೇಮಬಲ್’ ಬಳಸಿ ಅಂತ ಒತ್ತಾಯ ಮಾಡಿತು. ಹತ್ತದ್ದಕ್ಕೆ ‘ನಾನ್-ಫ್ಲೇಮಬಲ್’ ಅನ್ನುತ್ತಾರೆ. ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇನ್‌ಫೇಮಸ್ ಅಂದರೆ ಹೆಸರಿಲ್ಲದವನಲ್ಲ, ಹೆಸರು ಕೆಟ್ಟವನು.

ಅನ್ ಕೂಡ ಎಲ್ಲಾ ಕಡೆ ಅನ್ ಅಲ್ಲ. ‘ಯುನಾನಿಮಸ್’ ಇಂಗ್ಲಿಷಿನಲ್ಲಿ ಬರೆದಾಗ ಅನ್ ಹಾಗೆ ಕಾಣುತ್ತದೆ. ಆದರೆ ಅದು ‘ಒಂದು’ ಅನ್ನುವ ಲ್ಯಾಟಿನ್ ಪದ, ಒಂದೇ ಮನಸ್ಸಿನ, ಅಂದರೆ ಒಮ್ಮತದ. ತಿರುಗಾಮುರುಗಾ ಕೂಡ ಇದೆ. ‘ಇನ್‌ಫೆಂಟ್’ನಲ್ಲಿ ನಿರಾಕರಣೆ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಮಾತು ಬಾರದ್ದು ಅಂತ ಅದರ ಮೂಲ ಅರ್ಥ. ‘ಇನ್ನೊಸೆಂಟ್’ ಅಂದರೆ ಹಾನಿ ಮಾಡದವನು.

ಅಕ್ಷರ ಒಂದೋ ಎರಡೋ?

ಸ್ಪೆಲ್ಲಿಂಗಿನಲ್ಲಿ ಅಕ್ಷರ ಬಿಟ್ಟುಬಿಡುವ ತಪ್ಪು ಜಾಸ್ತಿ. ನಿಯಮ ಸರಳ: ಪ್ರತ್ಯಯವನ್ನು ಪೂರ್ತಿ ಬರೆಯಿರಿ, ಪದವನ್ನು ಪೂರ್ತಿ ಬರೆಯಿರಿ, ಕಳೆಯಬೇಡಿ, ಕೂಡಿಸಬೇಡಿ. ಅನ್‌ಗೆ ನೆಸೆಸರಿ ಸೇರಿದರೆ ಎನ್ ಎರಡು. ಮಿಸ್‌ಗೆ ಸ್ಪೆಲ್ ಸೇರಿದರೆ ಎಸ್ ಎರಡು. ಡಿಸ್‌ಗೆ ಸ್ಯಾಟಿಸ್‌ಫೈಡ್ ಸೇರಿದರೂ ಎಸ್ ಎರಡು. ಆದರೆ ಡಿಸ್‌ಗೆ ಅಪಾಯಿಂಟ್ ಸೇರಿದರೆ ಎಸ್ ಒಂದೇ, ಯಾಕೆಂದರೆ ಅಪಾಯಿಂಟ್‌ನಲ್ಲಿ ಮೊದಲಿಗೆ ಎಸ್ ಇಲ್ಲ. ಅಲ್ಲಿ ಎರಡು ಸಲ ಬರುವುದು ಪಿ. ನಾನ್‌ಗೆ ಹಲವು ಸಲ ಅಡ್ಡಗೆರೆ ಹಾಕುತ್ತಾರೆ, ಅನ್‌ಗೆ ಹಾಕುವುದಿಲ್ಲ. ಮುಂದಿನದು ದೊಡ್ಡ ಅಕ್ಷರದಲ್ಲಿ ಶುರುವಾಗುವ ಹೆಸರಾದರೆ ಮಾತ್ರ ಅನ್‌ಗೂ ಅಡ್ಡಗೆರೆ ಬರುತ್ತೆ.

ಯಾವುದನ್ನು ಮೊದಲು ಕಲಿಯುವುದು?

ಗೈಡಿನ ಪಟ್ಟಿ ಮತ್ತು ಈ ದಾರಿ, ಎರಡರಲ್ಲಿ ಯಾವುದು ಅಂತ ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ನಾಡಿದ್ದೇ ಪರೀಕ್ಷೆ ಇರುವವರಿಗೆ ಮಾತ್ರ ಪಟ್ಟಿಯೇ ಗತಿ. ಮೂರು ತಿಂಗಳು ಇದೆ ಅಂದರೆ ಹೀಗೆ ಮಾಡಿ: ಮೊದಲು ಗುಣಪದದ ಅನ್, ಅದಕ್ಕೆ ಹದಿನೈದು ದಿನ. ಆಮೇಲೆ ಮಿಸ್ ಮತ್ತು ನಾನ್. ಇವೆರಡೂ ಅರ್ಥದಿಂದಲೇ ಸಿಗುತ್ತವೆ, ಒಂದು ವಾರ ಸಾಕು. ಆಮೇಲೆ ಕ್ರಿಯಾಪದದ ಅನ್ ಮತ್ತು ಡಿಸ್ ಒಟ್ಟಿಗೆ. ಬಿಚ್ಚುವುದು ಯಾವುದು, ಕಡಿಯುವುದು ಯಾವುದು ಅಂತ ಹೋಲಿಸುತ್ತಾ ಹೋಗಿ. ಇನ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಪದಗಳನ್ನು ಒಂದೊಂದಾಗಿ ನೆನಪಿಡಲೇಬೇಕು. ಹೊಸ ಪದ ಸಿಕ್ಕಾಗ ಒಂಟಿಯಾಗಿ ಬರೆದುಕೊಳ್ಳದೆ ಅದರ ನಾಮಪದವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಅನ್‌ಸ್ಟೇಬಲ್ ಬರೆದರೆ ಅದರ ಪಕ್ಕ ಇನ್‌ಸ್ಟೆಬಿಲಿಟಿ, ಅನ್‌ಕಂಫರ್ಟಬಲ್ ಬರೆದರೆ ಪಕ್ಕದಲ್ಲಿ ಡಿಸ್‌ಕಂಫರ್ಟ್.

ಮಾತಾಡುವಾಗ ಏನೂ ತೋಚದಿದ್ದರೆ ‘ನಾಟ್’ ಇದ್ದೇ ಇದೆ. ‘ನಾಟ್ ಪೊಲೈಟ್’ ಅಂದರೆ ಯಾರೂ ತಪ್ಪು ಅನ್ನುವುದಿಲ್ಲ. ಒಂದು ಸಣ್ಣ ಅಂತರ ಮಾತ್ರ ತಿಳಿದಿರಲಿ. ‘ಐ ಆಮ್ ನಾಟ್ ಹ್ಯಾಪಿ’ ಅಂದರೆ ಖುಷಿಯಾಗಿಲ್ಲ ಅಷ್ಟೇ, ದುಃಖ ಇರಲೇಬೇಕು ಅಂತಿಲ್ಲ. ‘ಐ ಆಮ್ ಅನ್‌ಹ್ಯಾಪಿ’ ಅಂದರೆ ದುಃಖ ಇದೆ. ‘ಅಡುಗೆ ಅಷ್ಟು ಚೆನ್ನಾಗಿಲ್ಲ’ ಅನ್ನುವುದಕ್ಕೂ ‘ಅಡುಗೆ ಕೆಟ್ಟದಾಗಿದೆ’ ಅನ್ನುವುದಕ್ಕೂ ನಮ್ಮ ಮನೆಗಳಲ್ಲಿ ಎಷ್ಟು ಅಂತರ ಇದೆಯೋ ಇಲ್ಲೂ ಅಷ್ಟೇ ಅಂತರ.